ನೂರಕ್ಕೆ ನೂರು ಬರಬಾರದ ಪರೀಕ್ಷೆ

"ತೊಂಬತ್ತಾರು!"

ಮೂರನೇ ಸಲವೂ ಅದೇ. ಕೆಡುಕಮ್ಮ ಮೌಸನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪಕ್ಕದ ಕುರ್ಚಿಯಲ್ಲಿದ್ದ, ಬೋರ್ಡಿನಿಂದ ವಿಚಾರಣೆಗೆ ಬಂದ ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಮೆಲ್ಲಗೆ ಮೇಡಂ. ಅದು ಸಂಸ್ಥೆಯ ಆಸ್ತಿ."

"ಆಸ್ತಿಯಂತೆ ಆಸ್ತಿ! ಸರ್, ಈ ಪರೀಕ್ಷೇಲಿ ಕೆಟ್ಟಿರೋದನ್ನೆಲ್ಲ ಸರಿ ಮಾಡಿದೀನಿ. ಒಂದೇ ಒಂದು ಉಳಿದಿಲ್ಲ. ಆದ್ರೂ ಈ ಹಾಳು ಸಾಫ್ಟ್‌ವೇರು ನಾಲ್ಕು ಮಾರ್ಕು ಕಿತ್ಕೊಳ್ತಾ ಇದೆ. ಎಲ್ಲಿ ತಪ್ಪು ಅಂತಾನೂ ಬಾಯಿ ಬಿಡಲ್ಲ. ಇದಕ್ಕೇನು ಅಡ್ಡ ಬೀಳ್ಲಾ ನಾನು?"

ಕೆಡುಕಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮಕ್ಕಳು ಇಟ್ಟದ್ದು. ಕಂಪ್ಯೂಟರಿನೊಳಗೆ ಸುಳ್ಳುಸುಳ್ಳೇ ಒಂದು ಆಫೀಸು ಕಟ್ಟಿ, ರೂಟರು, ಸ್ವಿಚ್ಚು, ಪ್ರಿಂಟರು ಎಲ್ಲ ಜೋಡಿಸಿ, ತಂತಿ ಎಳೆದು, ಎಲ್ಲವೂ ಚೆನ್ನಾಗಿ ಓಡತೊಡಗಿದ ಮೇಲೆ ತನ್ನ ಕೈಯಾರೆ ಒಂದೊಂದಾಗಿ ಕೆಡಿಸುವುದು ಅವಳ ಕಸುಬು. ಕೆಟ್ಟಿದ್ದನ್ನು ಹುಡುಕಿ ರಿಪೇರಿ ಮಾಡುವುದು ವಿದ್ಯಾರ್ಥಿಗಳ ಪಾಡು. ಅವಳು ಮೊದಲೇ ಬಚ್ಚಿಟ್ಟ ಉತ್ತರದೊಂದಿಗೆ ತಾಳೆ ನೋಡಿ ಮಾರ್ಕು ಕೊಡುವುದು ಸಾಫ್ಟ್‌ವೇರಿನ ಪಾಡು.

ಹೀಗೆ ಅವಳು ಕಟ್ಟಿ ಕೆಡಿಸಿದ ಅಭ್ಯಾಸ ಪರೀಕ್ಷೆಯೊಂದು ಒಂದು ತಂತಿಯೂ ಆಚೀಚೆಯಾಗದೆ ಬೋರ್ಡಿನ ಕೊನೆಯ ಪರೀಕ್ಷೆಯಾಗಿ ಬಂದುಬಿಟ್ಟಿತ್ತು. ಪ್ರಶ್ನೆಯನ್ನು ಮೊದಲೇ ಕದ್ದು ಮಕ್ಕಳ ಬಾಯಿಗೆ ಹಾಕಿದಳೆಂದು ಬೋರ್ಡು ಅವಳ ತಲೆಗೇ ಕಟ್ಟಿತು. ಇವತ್ತು ಸಂಜೆ ಸಾಹೇಬರು ವರದಿಗೆ ಸಹಿ ಹಾಕುವುದರೊಳಗೆ ಅವಳು ತನ್ನ ಕೈ ಚೊಕ್ಕವೆಂದು ತೋರಿಸಬೇಕು. ಇಲ್ಲದಿದ್ದರೆ ಅವಳ ಕೆಲಸ ಹೋಗುತ್ತದೆ. ಅದು ಹಾಳಾಗಲಿ, ಇಡೀ ತರಗತಿ ಒಂದು ವರ್ಷ ಪರೀಕ್ಷೆ ಬರೆಯುವಂತಿಲ್ಲ.

ಆ ತರಗತಿಯಲ್ಲೇ ಅವಳ ನಾದಿನಿಯೂ ಇದ್ದಳು, ಗಂಡನ ಒಬ್ಬಳೇ ತಂಗಿ. ಈಗ ಉಳಿದ ಮಕ್ಕಳೊಂದಿಗೆ ಹೊರಗಿನ ಕಾರಿಡಾರಿನಲ್ಲಿ ಕಾಯುತ್ತಿದ್ದಳು. ಬಾಗಿಲ ಗಾಜಿಗೆ ಆಗಾಗ ಒಂದು ಮೂಗು ಅಂಟಿಕೊಳ್ಳುವುದು, ಸಾಹೇಬರು ಕೆಮ್ಮಿದರೆ ಮಾಯವಾಗುವುದು, ಇದೇ ನಡೆದಿತ್ತು.

ಮೇಜಿನ ಮೇಲಿನ ಫೋನು ಗುರ್‌ ಎಂದಿತು. ಗಂಡ. ಬೆಳಗ್ಗಿನಿಂದ ಇದು ಎಷ್ಟನೆಯ ಸಲವೋ.

"ರೀ, ಆಮೇಲೆ ಮಾತಾಡ್ತೀನಿ."

"ಇನ್ನೂ ಮುಗ್ದಿಲ್ವಾ ನಿಂದು? ಒಂದು ಕ್ಷಮಾಪಣೆ ಬರ್ಕೊಟ್ಟು ಎದ್ದು ಬಾರೆ. ನಾಲ್ಕು ಮಾರ್ಕಿನ ವಿಷಯಕ್ಕೆ ಬೋರ್ಡಿನವರ ಹತ್ರ ಏನು ಜಗಳ ಕಾಯ್ತೀಯಾ?"

"ಕ್ಷಮಾಪಣೆನಾ? ಕದ್ದಿದ್ರೆ ತಾನೇ ಕ್ಷಮಾಪಣೆ! ನೀವು ಅಂಗಡಿ ನೋಡ್ಕೊಳ್ಳಿ, ಇಡಿ ಫೋನು."

ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಸಂಸ್ಥೆಯ ವಿಭಾಗ ಮುಖ್ಯಸ್ಥರ ಕಂಪ್ಯೂಟರು ಕೈಕೊಟ್ಟರೂ ಅವನನ್ನೇ ಕರೆಸುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೆಂಡತಿಗೆ ಬುದ್ಧಿ ಹೇಳುವುದೂ ಅದೇ ಅಂಗಡಿಯಿಂದಲೇ. ಕೆಡುಕಮ್ಮನ ಮೈಯೆಲ್ಲ ಉರಿದುಹೋಯಿತು. ಗಂಡಂದಿರಿಗೆ ಹೆಂಡತಿಯ ಕೆಲಸ ಅದ್ಯಾಕೆ ಯಾವಾಗಲೂ ಚಿಲ್ಲರೆಯಾಗಿಯೇ ಕಾಣುತ್ತದೋ!

"ಸರ್, ಬಚ್ಚಿಟ್ಟ ಉತ್ತರ ತೋರಿಸಿ," ಎಂದಳು. "ಪಾಸ್‌ವರ್ಡು ನಿಮ್ಮ ಹತ್ರ ಇದೆಯಲ್ಲ."

"ಅದು ಗೌಪ್ಯ, ಮೇಡಂ."

"ಪರೀಕ್ಷೆ ಮುಗಿದು, ಪೇಪರು ಬೀದಿಗೆ ಬಿದ್ದು, ಮಾನ ಮೂರು ಕಾಸಿಗೆ ಹೋದ್ಮೇಲೆ ಇನ್ಯಾವ ಗೌಪ್ಯ ಸರ್? ನಿಮ್ಮ ಮೊಮ್ಮಗು ಈ ತರಗತೀಲಿದ್ದಿದ್ರೆ?"

ಸಾಹೇಬರು ಕರ್ಚೀಫು ತೆಗೆದು ಮೂಗೊರೆಸಿಕೊಂಡರು. ಲ್ಯಾಬಿನ ಎ.ಸಿ. ನೇರವಾಗಿ ಅವರ ಕತ್ತಿನ ಮೇಲೆ ಊದುತ್ತಿತ್ತು, ಅದನ್ನು ತಿರುಗಿಸುವ ರಿಮೋಟು ಯಾವ ಕಾಲದಲ್ಲೋ ಕಳೆದುಹೋಗಿತ್ತು. ಅವರು ಒಂದು ಸಲ ಬಾಗಿಲ ಕಡೆ ನೋಡಿ, ಕುರ್ಚಿಯನ್ನು ಮುಂದೆ ಎಳೆದುಕೊಂಡು, ಕೀಲಿಮಣೆಯ ಮೇಲೆ ಬಾಗಿದರು.

ಮೊದಲ ಸಲ ತಪ್ಪು ಪಾಸ್‌ವರ್ಡು ಎಂದಿತು. ಎರಡನೆಯ ಸಲವೂ ಅದನ್ನೇ ಎಂದಿತು. ಸಾಹೇಬರು ದೊಡ್ಡಕ್ಷರದ ಗುಂಡಿ ಒತ್ತಿಟ್ಟುಕೊಂಡೇ ಬರೆಯುತ್ತಿದ್ದರು. ಕೆಡುಕಮ್ಮ ಹಲ್ಲು ಕಚ್ಚಿಕೊಂಡು ಆ ಗುಂಡಿಯನ್ನು ತಾನೇ ಆರಿಸಿದಳು.

ಬಚ್ಚಿಟ್ಟ ಉತ್ತರ ತೆರೆದುಕೊಂಡಿತು.

ಎಲ್ಲ ಗಂಟುಗಳನ್ನೂ ಬಿಡಿಸಿದ ಆಫೀಸಿನ ಚಿತ್ರ. ಅವಳು ಒಂದೊಂದೇ ಯಂತ್ರವನ್ನು ಒತ್ತಿ ನೋಡುತ್ತ ಬಂದಳು. ರೂಟರು ಸರಿ. ಸ್ವಿಚ್ಚು ಸರಿ. ಪ್ರಿಂಟರು ಸರಿ. ಲೆಕ್ಕಪತ್ರ ವಿಭಾಗದ ಕಂಪ್ಯೂಟರಿಗೆ ಬಂದು ಅವಳ ಬೆರಳು ನಿಂತಿತು.

ಪ್ರತಿ ಕಂಪ್ಯೂಟರಿಗೂ ಒಂದು ಗೇಟ್‌ವೇ ನಂಬರು ಕೊಡಬೇಕು. ಮನೆಯಿಂದ ಹೊರಗೆ ಹೋಗಲು ಬಾಗಿಲು ಇದ್ದ ಹಾಗೆ, ಕಂಪ್ಯೂಟರಿನ ಮಾತು ಹೊರಗೆ ಹೋಗಲು ಆ ನಂಬರು. ಈ ಪ್ರಶ್ನೆಯಲ್ಲಿ ಅದನ್ನು ಬೇಕೆಂದೇ ಖಾಲಿ ಬಿಟ್ಟಿತ್ತು, ವಿದ್ಯಾರ್ಥಿ ತುಂಬಬೇಕಿತ್ತು. ಆ ಆಫೀಸಿನ ರೂಟರಿನ ನಂಬರನ್ನು ಅಲ್ಲಿ ಬರೆಯಬೇಕು, ಅದು ಯಾರಿಗಾದರೂ ಗೊತ್ತಾಗುವಂಥದ್ದೇ.

ಬಚ್ಚಿಟ್ಟ ಉತ್ತರದಲ್ಲಿ ಇದ್ದದ್ದು ಬೇರೆ. ಹತ್ತು, ಎಪ್ಪತ್ಮೂರು, ಎಂಟು, ಇನ್ನೂರ ಐವತ್ನಾಲ್ಕು.

"ಅಯ್ಯೋ ನನ್ನ ಕೈ ಸೇದ್‌ಹೋಗ!" ಎಂದು ಅವಳು ಹಣೆ ಚಚ್ಚಿಕೊಂಡಳು. ಮರುಗಳಿಗೆಗೆ ಜೋರಾಗಿ ನಕ್ಕಳು. ಸಾಹೇಬರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು.

"ಸರ್, ಏಳಿ. ಆ ಮೂಲೆ ಕಂಪ್ಯೂಟರ್ ನೋಡಿ. ಸುಳ್ಳು ಆಫೀಸಿಂದಲ್ಲ, ನಿಜವಾದ ಕಂಪ್ಯೂಟರು. ಅದರ ಗೇಟ್‌ವೇ ನಂಬರು ಏನಿದೆ, ನೀವೇ ಓದಿ."

ಸಾಹೇಬರು ಎದ್ದು ಹೋಗಿ ಕನ್ನಡಕ ಏರಿಸಿಕೊಂಡು ಓದಿದರು. "ಹತ್ತು... ಎಪ್ಪತ್ಮೂರು... ಎಂಟು... ಇದೇನ್ರೀ ಇದು, ಅದೇ ನಂಬರು!"

"ಅದೇ ನಂಬರು. ಈ ಲ್ಯಾಬಿನ ನಂಬರು. ಮಕ್ಕಳು ಕಂಪ್ಯೂಟರ್ ಹಾಳು ಮಾಡ್ತಾರೆ ಅಂತ ನಮ್ಮ ವಿಭಾಗದ ದೊಡ್ಡವರು ಒಂದು ವ್ಯವಸ್ಥೆ ಮಾಡ್ಸಿದಾರೆ. ರಾತ್ರಿ ಆರಿಸಿದ್ರೆ ಬೆಳಗ್ಗೆಗೆ ಎಲ್ಲ ಮರೆತು ಕೂತಿರುತ್ತೆ. ದಿನಾ ಬೆಳಗ್ಗೆ ಬಂದು ಒಂದೊಂದಕ್ಕೂ ಈ ನಂಬರ್ ನಾನೇ ತುಂಬ್ತೀನಿ, ನಾದಿನಿ ಒಂದು ಸಾಲು ತುಂಬ್ತಾಳೆ. ಆವತ್ತು ಬೆಳಗ್ಗೆ ಎಲ್ಲಕ್ಕೂ ತುಂಬಿ ಮುಗಿಸಿ, ಹಾಗೇ ಕೂತು ಈ ಪರೀಕ್ಷೆ ಕಟ್ಟಿದೆ. ಕೈಗೆ ಅದೇ ರೂಢಿ ಹತ್ತಿತ್ತು. ಸುಳ್ಳು ಆಫೀಸಿನ ಉತ್ತರದಲ್ಲಿ ನಿಜವಾದ ಲ್ಯಾಬಿನ ನಂಬರ್ ಬರೆದುಬಿಟ್ಟೆ!"

"ಅಂದ್ರೆ ಇದು ನಿಮ್ಮ ತಪ್ಪು."

"ನನ್ನದೇ ತಪ್ಪು ಸರ್! ನೂರಕ್ಕೆ ನೂರು ನನ್ನದೇ!" ತಪ್ಪೊಪ್ಪಿಕೊಳ್ಳುವಾಗ ಇಷ್ಟು ಸಂತೋಷಪಟ್ಟವರನ್ನು ಸಾಹೇಬರು ತಮ್ಮ ಸರ್ವೀಸಿನಲ್ಲಿ ನೋಡಿರಲಿಲ್ಲ. "ಯೋಚನೆ ಮಾಡಿ. ಬೋರ್ಡಿನ ಪೇಪರ್ ತೆಗೆಯೋರು ಎಲ್ಲೋ ಕೂತಿರ್ತಾರೆ. ಅವರಿಗೆ ನಮ್ಮ ಲ್ಯಾಬಿನ ನಂಬರ್ ಕನಸಿಗೆ ಬಂತಾ? ನಾನು ಅವರಿಂದ ಕದ್ದಿಲ್ಲ. ಅವರು ನನ್ನದನ್ನ ತಗೊಂಡಿದಾರೆ, ನನ್ನ ತಪ್ಪಿನ ಸಮೇತ."

ಸಾಹೇಬರು ನಿಧಾನವಾಗಿ ಕುಳಿತರು. "ಹಾಗಾದ್ರೆ ನಿಮ್ಮ ಮಕ್ಕಳ ಹತ್ರಾನೂ ಈ ತಪ್ಪು ಉತ್ತರಾನೇ ಇತ್ತಲ್ಲ?"

"ಇರ್ಲಿಲ್ಲ. ಮಕ್ಕಳಿಗೆ ಕೊಡೋ ಮುಂಚೆ ನನ್ನ ಪರೀಕ್ಷೆ ನಾನೇ ಬರೀತೀನಿ. ಹಾಳು ಮರೆವು ನೋಡಿ, ಆವತ್ತೂ ತೊಂಬತ್ತಾರೇ ಬಂದಿತ್ತು! ಹುಡುಕಿ, ಬೈಕೊಂಡು, ತಿದ್ದಿ, ಆಮೇಲೆ ಕೊಟ್ಟೆ. ತಪ್ಪಿದ್ದ ಕರಡು ಈ ಕಂಪ್ಯೂಟರಲ್ಲಿ ರಾತ್ರಿಗೆ ಅಳಿಸಿಹೋಗಿದೆ. ಅದು ಹೋಗಿದ್ದು ಒಬ್ಬರಿಗೇ. ನೋಡಿ ಹೇಳಿ ಸರ್ ಅಂತ, ತಿದ್ದೋಕೆ ಮುಂಚೆ, ಮಧ್ಯಾಹ್ನಾನೇ ಕಳಿಸಿದ್ದೆ."

"ಯಾರಿಗೆ?"

"ನಮ್ಮ ದೊಡ್ಡವರಿಗೆ. ಕರೆಸಿ ಅವರನ್ನ."

ವಿಭಾಗದ ಮುಖ್ಯಸ್ಥರಿಗೆ ಮಕ್ಕಳ ಬಾಯಲ್ಲಿ ಆಯ್ತಪ್ಪ ಎಂದು ಹೆಸರು. ಯಾರು ಏನು ಕೇಳಿದರೂ ಆಯ್ತು ಆಯ್ತು ಎನ್ನುವುದು, ಆಮೇಲೆ ಏನೂ ಆಗದೆ ಇರುವುದು, ಇದು ಅವರ ಆಡಳಿತದ ರೀತಿ. ಚಹಾದ ಲೋಟ ಹಿಡಿದುಕೊಂಡೇ ಬಂದರು. ಸಾಹೇಬರನ್ನು ನೋಡಿ ನಕ್ಕರು. ಪರದೆಯನ್ನು ನೋಡಿ ನಗು ನಿಲ್ಲಿಸಿದರು.

"ಸರ್, ನಾನು ಕಳಿಸಿದ ಆ ಕರಡು ನೋಡಿದ್ರಾ?" ಎಂದು ಕೆಡುಕಮ್ಮ ಕೇಳಿದಳು.

"ಯಾವುದಮ್ಮಾ? ನೀನು ದಿನಾ ಒಂದು ಕಳಿಸ್ತೀಯ. ಚೆನ್ನಾಗಿತ್ತು."

"ತೆರೆದು ನೋಡಿದ್ರಾ?"

"ನೋಡದೆ ಏನು! ಬಹಳ ಚೆನ್ನಾಗಿತ್ತು."

"ಹಾಗಾದ್ರೆ ಇಲ್ಲಿ ಕೂತ್ಕೊಳ್ಳಿ ಸರ್. ಲೆಕ್ಕಪತ್ರ ವಿಭಾಗದ ಕಂಪ್ಯೂಟರಿಗೆ ಗೇಟ್‌ವೇ ಖಾಲಿ ಇದೆ. ಏನು ಬರೀಬೇಕು ಹೇಳಿ."

ಆಯ್ತಪ್ಪ ಕೂರಲಿಲ್ಲ. ಪರದೆಯ ಮೇಲೆ ತೆರೆದೇ ಇದ್ದ ಉತ್ತರದ ಮೇಲೆ ಅವರ ಕಣ್ಣು ಬಿತ್ತು. ಉತ್ತರ ಎದುರಿಗೇ ಸಿಕ್ಕಿದರೆ ಯಾರು ಬಿಡುತ್ತಾರೆ! "ಇದೇನು ದೊಡ್ಡ ಪ್ರಶ್ನೆನಾ? ಹತ್ತು, ಎಪ್ಪತ್ಮೂರು, ಎಂಟು, ಇನ್ನೂರ ಐವತ್ನಾಲ್ಕು," ಎಂದು ಗಟ್ಟಿಯಾಗಿ ಓದಿದರು.

"ಸರೀನಾ ಸರ್?"

"ಸರಿ ಇಲ್ದೆ! ಬೋರ್ಡಿನ ಉತ್ತರ ತಪ್ಪಾಗುತ್ತಾ?"

ಸಾಹೇಬರು ಮೂಲೆಯ ಕಂಪ್ಯೂಟರಿನ ಕಡೆ ಕೈ ತೋರಿಸಿದರು. "ಅದು ನಿಮ್ಮ ಲ್ಯಾಬಿನ ನಂಬರು ಸ್ವಾಮಿ. ಇಲ್ಲಿ ಕೂತವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅದು ಬೋರ್ಡಿನ ಪೇಪರೊಳಗೆ ಹೇಗೆ ನುಗ್ಗಿತು?"

ಆಯ್ತಪ್ಪನವರ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಚಹಾದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೀಲಿಮಣೆಯ ಮೇಲೆ ಇಡಲು ಹೋದರು. ಕೆಡುಕಮ್ಮ ಅದನ್ನು ಅವರ ಕೈಯಿಂದ ಕಿತ್ತುಕೊಂಡಳು.

"ಈ ಸಲ ಬೋರ್ಡಿನ ಪೇಪರ್ ತೆಗೆದಿದ್ದು ನೀವೇ ಅಲ್ವಾ ಸರ್?"

"ಅದು... ಗೌಪ್ಯ."

"ಎಲ್ಲರಿಗೂ ಅದೊಂದು ಮಾತು ಬಾಯಿಪಾಠ ಆಗಿದೆ! ಸರ್, ಹೊರಗೆ ಮಕ್ಕಳು ನಿಂತಿದಾರೆ. ಬೆಳಗ್ಗಿಂದ ಒಬ್ಬರೂ ಏನೂ ತಿಂದಿಲ್ಲ. ಅವರಲ್ಲಿ ಇಬ್ಬರು ಇದ್ದ ಕೆಲಸ ಬಿಟ್ಟು ಇಲ್ಲಿ ಸೇರಿದೋರು. ಒಬ್ಬಳು ಕೂಸನ್ನ ಅತ್ತೆ ಹತ್ರ ಬಿಟ್ಟು ಬರ್ತಾಳೆ. ಇವರೆಲ್ಲ ಕಳ್ಳರು ಅಂತ ಊರು ತುಂಬ ಹೆಸರಾಯ್ತು. ಒಂದು ಮಾತು ಹೇಳಿ ಸರ್, ನಾನು ನಿಮ್ಮ ಕಾಲು ಹಿಡೀಲಾ?"

ಅವಳ ದನಿ ಒಡೆಯಿತು. ಸಿಟ್ಟಿಗೆ ಒಡೆಯಿತೋ ಅಳುವಿಗೋ ಅವಳಿಗೇ ತಿಳಿಯಲಿಲ್ಲ. ಆಯ್ತಪ್ಪ ನೆಲ ನೋಡಿದರು, ಎ.ಸಿ. ನೋಡಿದರು, ಕೊನೆಗೆ ಸಾಹೇಬರನ್ನು ನೋಡಿದರು.

"ಆಯ್ತು... ಆಯ್ತು. ಹೌದು. ಪೇಪರ್ ಕೇಳಿದ್ರು. ನನಗೆ ಪುರುಸೊತ್ತೇ ಇರ್ಲಿಲ್ಲ. ಇವಳು ಹೇಗೂ ಚೆನ್ನಾಗಿ ಮಾಡಿರ್ತಾಳೆ ಅಂತ ಅದನ್ನೇ ಕಳಿಸ್ಬಿಟ್ಟೆ. ಮಕ್ಕಳಿಗೂ ಅದನ್ನೇ ಕೊಡ್ತಾಳೆ ಅಂತ ನನಗೇನು ಗೊತ್ತು?"

"ತೆರೆದೂ ನೋಡ್ಲಿಲ್ಲ."

"ತೆರೆಯೋಕೆ ಬರಬೇಕಲ್ಲಮ್ಮಾ!" ಎಂದರು ಆಯ್ತಪ್ಪ. ಆ ದಿನ ಅವರ ಬಾಯಿಂದ ಬಂದ ಅಪ್ಪಟ ಸತ್ಯ ಅದೊಂದೇ ಇರಬೇಕು.

"ಕಳಿಸುವಾಗ ಪಕ್ಕದಲ್ಲಿ ಯಾರಿದ್ರು?" ಸಾಹೇಬರು ಥಟ್ಟನೆ ಕೇಳಿದರು.

"ಯಾರೂ ಇಲ್ಲ. ನಾನೊಬ್ಬನೇ." ಹೇಳುವಾಗ ಅವರ ಕಣ್ಣು ಕೆಡುಕಮ್ಮನ ಮುಖದಿಂದ ಜಾರಿ ಅವಳ ಕೈಲಿದ್ದ ಲೋಟದ ಮೇಲೆ ನಿಂತಿತು.

ಅವಳಿಗೆ ಅದನ್ನು ಗಮನಿಸುವ ವ್ಯವಧಾನ ಇರಲಿಲ್ಲ. ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಈ ಸಂಸ್ಥೆ, ಈ ಎ.ಸಿ., ಈ ಆಯ್ತಪ್ಪ, ಎಲ್ಲ ಹಾಳಾಗಿ ಹೋಗಲಿ. ಮಕ್ಕಳು ಉಳಿದರು. ಬಾಗಿಲು ತೆರೆದು ಕೂಗಿ ಹೇಳೋಣವೆಂದು ಎದ್ದಳು.

"ಒಂದು ನಿಮಿಷ ಮೇಡಂ."

ಸಾಹೇಬರು ತಮ್ಮ ಲ್ಯಾಪ್‌ಟಾಪು ತೆರೆದಿದ್ದರು. ಬೋರ್ಡಿನ ಬೀಗದಲ್ಲಿದ್ದ ಫಲಿತಾಂಶ ಅದರಲ್ಲಿತ್ತು. ಅವರ ಹುಬ್ಬು ಗಂಟಾಗಿತ್ತು.

"ನೀವು ಹೇಳಿದ್ದು ಸರಿ. ನಿಮ್ಮ ತರಗತೀಲಿ ಚೆನ್ನಾಗಿ ಬರೆದೋರಿಗೆಲ್ಲ ತೊಂಬತ್ತಾರು. ಬೇರೆ ಕೇಂದ್ರಗಳಲ್ಲೂ ಅದರ ಮೇಲೆ ಒಬ್ಬರೂ ಹೋಗಿಲ್ಲ. ಸರಿಯಾಗಿ ಬರೆದೋರಿಗೆ ಅಷ್ಟೇ ಬರಬೇಕು. ಈ ಪರೀಕ್ಷೇಲಿ ನೂರು ಬರಬೇಕಾದ್ರೆ..."

"ಬರಲ್ಲ ಸರ್. ನೂರು ಬರಬೇಕಾದ್ರೆ ಬೇಕಂತಾನೇ ನಮ್ಮ ಲ್ಯಾಬಿನ ನಂಬರ್ ಬರೀಬೇಕು. ಬುದ್ಧಿ ಇರೋರು ಯಾರಾದ್ರೂ ಬರೀತಾರಾ?"

"ಒಬ್ಬರಿಗೆ ಬಂದಿದೆ."

ಅವರು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು. ಕೆಡುಕಮ್ಮ ಹೆಸರು ಓದಿದಳು. ನಾದಿನಿ.

"ಅವಳು ನನ್ನ ಜೊತೆ ದಿನಾ ನಂಬರ್ ತುಂಬೋಳು ಸರ್," ಎಂದಳು. "ಕೈ ರೂಢಿ. ನನಗಾದ ಹಾಗೇ ಅವಳಿಗೂ ಆಗಿದೆ. ಅವಳ ಉತ್ತರದ ಫೈಲು ತೆಗೀರಿ, ತೋರಿಸ್ತೀನಿ. ಪರೀಕ್ಷೆ ಬರೆಯೋರು ಏನೇನು ಒತ್ತಿದ್ರು ಅಂತ ಈ ಸಾಫ್ಟ್‌ವೇರು ಸಾಲಾಗಿ ನೆನಪಿಟ್ಕೊಂಡಿರುತ್ತೆ. ಕೈ ರೂಢಿಯಾದ್ರೆ ಮೊದಲ ಸಲಾನೇ ಅದೇ ನಂಬರ್ ಬಂದಿರುತ್ತೆ. ನೋಡಿ ನೀವೇ."

ಸಾಹೇಬರಿಗೆ ಆ ಸೌಲಭ್ಯ ಇರುವುದೇ ಗೊತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಅವರು ಕೇಳುತ್ತಲೂ ಇರಲಿಲ್ಲ. ಆದರೆ ತನ್ನ ಹುಡುಗಿಯ ಮೇಲೆ ಅಷ್ಟು ನಂಬಿಕೆಯಿದ್ದವಳಿಗೆ ಸುಮ್ಮನಿರಲು ಹೇಗೆ ಬಂದೀತು? ಫೈಲನ್ನು ಅವಳೇ ತೆರೆದಳು. ಲೆಕ್ಕಪತ್ರ ವಿಭಾಗದ ಕಂಪ್ಯೂಟರಿನ ಸಾಲಿಗೆ ಪರದೆಯನ್ನು ತಾನೇ ತಂದು ನಿಲ್ಲಿಸಿದಳು.

ನಾದಿನಿ ಮೊದಲು ಬರೆದಿದ್ದು ಸರಿ ಉತ್ತರ. ರೂಟರಿನ ನಂಬರು, ಒಂದು ಅಂಕೆಯೂ ತಪ್ಪಿಲ್ಲ.

ಅದಾದ ಮೇಲೆ ಬೇರೆ ಕೆಲಸವೆಲ್ಲ ಮುಗಿಸಿದ್ದಳು. ಕೊನೆಯಲ್ಲಿ ಮತ್ತೆ ಅಲ್ಲಿಗೆ ಬಂದಿದ್ದಳು. ಸರಿಯಿದ್ದದ್ದನ್ನು ಅಳಿಸಿದ್ದಳು. ಹತ್ತು, ಎಪ್ಪತ್ಮೂರು, ಎಂಟು, ಇನ್ನೂರ ಐವತ್ನಾಲ್ಕು ಎಂದು ಬರೆದು ಪರೀಕ್ಷೆ ಮುಗಿಸಿದ್ದಳು.

ಆಯ್ತಪ್ಪ ಮೆಲ್ಲಗೆ ಬಾಗಿಲ ಕಡೆ ಜರುಗುತ್ತಿದ್ದರು, ಸಾಹೇಬರು ಕಣ್ಣಲ್ಲೇ ಅವರನ್ನು ತಡೆದರು.

"ಮೇಡಂ, ನಿಮ್ಮ ಸಾಕ್ಷಿ ಒಪ್ಪಿದ್ರೆ ತರಗತಿ ಉಳಿಯುತ್ತೆ. ಅದೇ ಸಾಕ್ಷಿ ಈ ಹುಡುಗೀನ ಹಿಡಿದುಕೊಡುತ್ತೆ. ಬಚ್ಚಿಟ್ಟ ಉತ್ತರ ನೋಡಿದೋರು ಯಾರೋ ಇವಳಿಗೆ ಹೇಳಿದಾರೆ. ಯಾರು?"

ಕೆಡುಕಮ್ಮ ಬಾಗಿಲು ತೆರೆದಳು. ಗಾಜಿಗೆ ಒರಗಿ ನಿಂತಿದ್ದ ನಾದಿನಿ ಮುಗ್ಗರಿಸಿ ಒಳಗೆ ಬಂದಳು. "ಅತ್ತಿಗೆ, ರಿಸಲ್ಟ್ ಬಿಡ್ತಾರಂತಾ?" ಎಂದು ಕೇಳಿದವಳ ಕಣ್ಣು ಪರದೆಗೆ ಹೋಯಿತು. ಮುಖದ ಬಣ್ಣವೇ ಇಳಿದುಹೋಯಿತು.

"ಯಾರೇ ಹೇಳಿದ್ದು ನಿನಗೆ?"

"ಅತ್ತಿಗೆ..."

"ಸರಿ ಉತ್ತರ ಬರೆದಿದ್ದೀಯ ಕಣೇ! ನಾನು ಕಲಿಸಿದ್ದನ್ನ ಸರಿಯಾಗೇ ಬರೆದಿದ್ದೀಯ. ಬರೆದು ಅಳಿಸಿದ್ದೀಯ. ಯಾರ ಮಾತು ಕೇಳಿ ಅಳಿಸ್ದೆ?"

ಹುಡುಗಿ ತಲೆಯಾಡಿಸಿದಳು. ತುಟಿ ಕಚ್ಚಿಕೊಂಡಳು, ಕಣ್ಣೀರು ದಳದಳ ಸುರಿಯಿತು. "ನನ್ನ ಡಿಬಾರ್ ಮಾಡ್ಲಿ ಅತ್ತಿಗೆ. ಹೆಸರು ಮಾತ್ರ ಕೇಳ್ಬೇಡಿ. ನಿಮಗೋಸ್ಕರಾನೇ ಹೇಳ್ತಿಲ್ಲ ನಾನು."

ಮೇಜಿನ ಮೇಲೆ ಫೋನು ಮತ್ತೆ ಗುರ್‌ ಎಂದಿತು. ಮತ್ತೆ ಗಂಡನೇ. ಅದನ್ನು ಕಂಡು ನಾದಿನಿ ಮುಖ ಮುಚ್ಚಿಕೊಂಡಳು.

ಕೆಡುಕಮ್ಮ ಫೋನನ್ನು ನೋಡುತ್ತ ನಿಂತಳು. ಆಗ ಫೋನಿನಲ್ಲಿ ಅವನು ಆಡಿದ ಮಾತು ಈಗ ಕಿವಿಯೊಳಗೆ ಮತ್ತೆ ಆಡಿತು. ತೊಂಬತ್ತಾರು ಬಂದದ್ದು ಆಗಷ್ಟೇ ಈ ಪರದೆಯ ಮೇಲೆ ಅವಳು ಕಂಡದ್ದು. ಫಲಿತಾಂಶ ಸಾಹೇಬರ ಲ್ಯಾಪ್‌ಟಾಪಿನಲ್ಲಿ ಬೀಗದೊಳಗಿತ್ತು. ಈ ಕೋಣೆಯ ಹೊರಗೆ ಅವಳು ಯಾರಿಗೂ ಹೇಳಿರಲಿಲ್ಲ.

ಫೋನು ಎತ್ತಿಕೊಂಡಳು.

"ಏನಾಯ್ತೇ? ಬರ್ಕೊಟ್ಯಾ ಕ್ಷಮಾಪಣೆ?"

"ರೀ," ಎಂದಳು ಕೆಡುಕಮ್ಮ. ದನಿ ತನ್ನದಲ್ಲವೆನ್ನುವಷ್ಟು ಮೆತ್ತಗಿತ್ತು. "ಆಗ ನಾಲ್ಕು ಮಾರ್ಕು ಅಂದ್ರಲ್ಲ. ನಾಲ್ಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಆ ಕಡೆ ಅಂಗಡಿಯ ಫ್ಯಾನು ತಿರುಗುವ ಸದ್ದು ಪಟ್ಟನೆ ನಿಂತಿತು. ಅವನು ಫೋನು ಇಟ್ಟುಬಿಟ್ಟಿದ್ದ.